ಮಿರಗ (ಮೃಗಶಿರಾ ಮಳೆ) ಕೂಡುವ ಮುಂಚೆ ಮಾಳಿಗೆ ನೋಡಿ: ಶಹಾಬಾದಿನ ಖಾಲಿ ಕಟ್ಟಡಗಳ ಕುರಿತು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ
ಮಾನ್ಯ ಪೌರಾಯುಕ್ತರು, ನಗರಸಭೆ, ಶಹಾಬಾದ್
ಹಾಗೂ ಶಹಾಬಾದ್, ವಾಡಿ, ಕುರಕುಂಟಾ ಸುತ್ತಿನ ಎಲ್ಲ ನಾಗರಿಕರಿಗೆ

ಮಾನ್ಯರೇ,

ಶಹಾಬಾದ್ ಎಂದರೆ ನಾಡಿನ ಬಹುಪಾಲು ಮಂದಿಗೆ ಅಂಗಾಲಿಗೆ ತಣ್ಣಗೆ ತಾಗುವ ನೆಲದ ಕಲ್ಲು. ಆ ಕಲ್ಲು ಎದ್ದ ಊರಿನಲ್ಲಿ ಅದು ನೆಲಕ್ಕಷ್ಟೇ ಅಲ್ಲ, ಗೋಡೆಗೆ, ಮೆಟ್ಟಿಲಿಗೆ, ಕಂಪೌಂಡಿಗೆ, ಕೊನೆಗೆ ಮಾಳಿಗೆಗೂ, ಅಂದರೆ ಮನೆಯ ಚಾವಣಿಗೂ, ಬಂದಿದೆ. ಈ ಪತ್ರ ಆ ಮಾಳಿಗೆಗಳ ಬಗ್ಗೆ. ಕೆಳಗೆ ಸಂಸಾರವಿಲ್ಲದ, ಮೇಲೆ ಹತ್ತಿ ಹರನಾಳದ (ಮಳೆನೀರು ಹೊರಹೋಗುವ ದಾರಿಯ) ಕಸ ತೆಗೆಯುವವರಿಲ್ಲದ ಮಾಳಿಗೆಗಳ ಬಗ್ಗೆ.

1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ (ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್) ಆದಾಗ ಅವುಗಳಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಒಂದು. ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ ನಿಜಾಮರ ಕಾಲದ್ದು, 1974ರ ರಾಷ್ಟ್ರೀಕರಣದಲ್ಲಿ ಸರ್ಕಾರದ ಕೈಗೆ ಬಂತು, ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ಸೇಡಂ ತಾಲ್ಲೂಕಿನ ಕುರಕುಂಟಾದ ಸರ್ಕಾರಿ ಸಿಮೆಂಟ್ ಕಾರ್ಖಾನೆಯ ಭಟ್ಟಿ ಆರಿ ದಶಕಗಳಾದವು. ಕಾರ್ಖಾನೆಗಳು ಏಕೆ ನಿಂತವು ಎಂಬ ವಾದ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಕಾರ್ಖಾನೆಯೊಂದು ನಿಂತರೆ ಬರೀ ಭಟ್ಟಿ ಖಾಲಿಯಾಗುವುದಿಲ್ಲ. ಕ್ವಾರ್ಟರ್ಸ್, ಕ್ಯಾಂಟೀನು, ದವಾಖಾನೆ, ಸ್ಟೋರು, ಕ್ಲಬ್ಬು, ಪೇಟೆಯ ಹಿಂದಿನ ಸಾಲಿನ ಬಾಡಿಗೆ ಮನೆಗಳು, ಎಲ್ಲವೂ ಒಂದರ ಹಿಂದೆ ಒಂದು ಬಾಗಿಲು ಹಾಕುತ್ತವೆ.

ಇಂಥ ಕಟ್ಟಡಗಳಿಗೆ ನಮ್ಮ ಕಡೆ ಎರಡೇ ಔಷಧ. ಬಾಗಿಲಿಗೆ ಶಿಥಿಲ ಕಟ್ಟಡದ ನೋಟಿಸು, ಇಲ್ಲವೇ ಒಂದು ಬೆಳಿಗ್ಗೆ ಜೆಸಿಬಿ. ನೋಟಿಸಿನ ಕಾಗದ ಮೊದಲ ಮಳೆಗೇ ನೆನೆದು ಬೀಳುತ್ತದೆ, ಜೆಸಿಬಿ ಬಂದರೆ ಪಕ್ಕದ ಮನೆಯ ಗೋಡೆಯೂ ಬಿರಿಯುತ್ತದೆ. ಇವೆರಡರ ನಡುವೆ, ಜೂನ್ ಮೊದಲ ವಾರದೊಳಗೆ ಮುಗಿಸಬಹುದಾದ ಕೆಲಸ ಬೇಕಾದಷ್ಟಿದೆ. ಕಲ್ಲು, ಗಾರೆ, ಕಬ್ಬಿಣದ ಕೆಲಸ ಬಲ್ಲವರಾಗಿ ಅದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಈ ಕಟ್ಟಡಗಳ ರಚನೆ. ಹಳೆಯ ಕಲ್ಲಿನ ಗೋಡೆ ಸುಮಾರು ಒಂದೂವರೆ ಅಡಿ ದಪ್ಪ. ಒಳಮೈ ಹೊರಮೈ ಎರಡು ಪದರ, ನಡುವೆ ಚೂರುಗಲ್ಲು ಮತ್ತು ಮಣ್ಣು, ಸಂದಿಗೆ ಸುಣ್ಣದ ಗಚ್ಚು. ಗೋಡೆಯಿಂದ ಗೋಡೆಗೆ ಮೂರು ಅಡಿಗೊಂದರಂತೆ ಕಬ್ಬಿಣದ ಗರ್ಡರ್, ಕೆಲವೆಡೆ ಹಳೆಯ ರೈಲು ಹಳಿ. ಅದರ ಮೇಲೆ ಎರಡು ಇಂಚು ದಪ್ಪದ ಪರಸಿ (ಚಪ್ಪಡಿ ಕಲ್ಲು), ಪರಸಿಯ ಮೇಲೆ ಐದಾರು ಇಂಚು ಮೇಲ್ಮುದ್ದೆಯ ಮಣ್ಣು. ಎರಡು ಇಂಚಿನ ಪರಸಿ ಒಂದು ಚದರ ಮೀಟರಿಗೆ 130 ಕಿಲೋಗೂ ಮೇಲೆ ತೂಗುತ್ತದೆ. ಆರು ಇಂಚು ಮಣ್ಣು ಒಣಗಿದ್ದಾಗ 240 ಕಿಲೋ, ನೀರು ಕುಡಿದಾಗ 300ರ ಹತ್ತಿರ. 4 ಮೀಟರ್ ಅಗಲ 5 ಮೀಟರ್ ಉದ್ದದ ಒಂದು ಕೋಣೆಯ ತಲೆಯ ಮೇಲೆ ಬೇಸಿಗೆಯಲ್ಲಿ ಏಳೂವರೆ ಟನ್ ಇದ್ದರೆ ಮಳೆಗಾಲದಲ್ಲಿ ಎಂಟೂಮುಕ್ಕಾಲು. ಯಾರೂ ಒಂದು ಕಲ್ಲನ್ನೂ ಹೊತ್ತು ಹಾಕದೆ ಒಂದು ಟನ್ನಿಗೂ ಹೆಚ್ಚು ಭಾರ ಏರಿರುತ್ತದೆ.

ಈ ಭಾರ ಮನೆಯಲ್ಲಿ ಜನ ಇದ್ದಾಗಲೂ ಏರುತ್ತಿತ್ತು. ಆದರೆ ಆಗ ವರ್ಷಕ್ಕೊಮ್ಮೆ ಮಾಳಿಗೆಗೆ ಹೊಸ ಮಣ್ಣು ಬಡಿಯುತ್ತಿದ್ದರು, ಹರನಾಳದಲ್ಲಿ ಸಿಕ್ಕಿದ ಬೇವಿನೆಲೆ ತೆಗೆಯುತ್ತಿದ್ದರು. ಮನೆ ಖಾಲಿಯಾದ ಮೊದಲ ವರ್ಷ ಹರನಾಳ ಕಟ್ಟುತ್ತದೆ. ಎರಡನೆಯ ವರ್ಷ ನಿಂತ ನೀರು ಗಚ್ಚಿನ ಸಂದಿ ಹಿಡಿದು ಇಳಿಯುತ್ತದೆ. ಇಳಿದ ನೀರು ಕೋಣೆಯ ನಡುವೆ ಸೋರಿದರೆ ಪುಣ್ಯ, ಕಣ್ಣಿಗಾದರೂ ಬೀಳುತ್ತದೆ. ಅದು ಹೆಚ್ಚಾಗಿ ಸೇರುವುದು ಗೋಡೆಯ ತಲೆಗೆ, ಗರ್ಡರಿನ ತುದಿ ಹೂತಿರುವ ಗೂಡಿಗೆ. ಅಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ, ನೆಂದ ಮಣ್ಣು ಕಬ್ಬಿಣವನ್ನು ತಬ್ಬಿಕೊಂಡಿರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಿಗದೆ ಮೇಲಿನ ಕಲ್ಲನ್ನು ಎತ್ತುತ್ತದೆ, ಹೊರಮೈಯ ಕಲ್ಲನ್ನು ದೂಡುತ್ತದೆ. ಗೋಡೆಯ ಹೊರಗೆ, ಗರ್ಡರಿನ ಮಟ್ಟದಲ್ಲಿ, ಮೂರು ಮೂರು ಅಡಿಗೆ ಒಂದೊಂದು ಬಿರುಕು ಸಾಲಾಗಿ ಕಂಡರೆ ಒಳಗೆ ಹೋಗುವ ಅಗತ್ಯವಿಲ್ಲ, ಕಥೆ ಅಲ್ಲೇ ಬರೆದಿದೆ.

ಇಂಥ ಗೋಡೆ ಬೀಳುವುದು ರಭಸದ ಮಳೆಯಲ್ಲೇ ಎಂದು ತಿಳಿಯಬೇಡಿ. ಮೂರು ನಾಲ್ಕು ದಿನ ಜಿಟಿಜಿಟಿ ಹಿಡಿದು, ನಡುವಿನ ಮಣ್ಣು ಪೂರ್ತಿ ಮೆತ್ತಗಾಗಿ, ಮಳೆ ಬಿಟ್ಟ ಮೇಲೆ ಬೀಳುವುದೇ ಹೆಚ್ಚು. ಆಗ ಜನ ಹೊರಗೆ ಬಂದಿರುತ್ತಾರೆ, ಗೋಡೆಯ ನೆರಳಿಗೆ ದನ ಕಟ್ಟಿರುತ್ತಾರೆ. ಎಚ್ಚರಿಕೆಯನ್ನು ಮಳೆಯ ದಿನಕ್ಕೆ ಮಾತ್ರ ಕೊಟ್ಟು ಬಿಸಿಲು ಬಿದ್ದ ಕೂಡಲೇ ಹಿಂತೆಗೆಯುವ ಪದ್ಧತಿ ಅದಕ್ಕೇ ತಪ್ಪು. ಮಳೆ ನಿಂತು ಒಂದು ವಾರದವರೆಗಾದರೂ ಅದು ಜಾರಿಯಲ್ಲಿರಬೇಕು.

ಪರಿಶೀಲನೆಗೆ ಇಬ್ಬರು ಸಾಕು, ಒಬ್ಬ ಎಂಜಿನಿಯರ್, ಒಬ್ಬ ಹಳೆಯ ಗೌಂಡಿ. ಗೌಂಡಿ ಬೇಕೇ ಬೇಕು. ಪರಸಿ ಮಾಳಿಗೆ ಕಟ್ಟಿದವರು ಈ ಊರಲ್ಲಿ ಇನ್ನೂ ಇದ್ದಾರೆ, ಕಾಲೇಜಿನ ಪುಸ್ತಕದಲ್ಲಿ ಈ ಮಾಳಿಗೆ ಅಷ್ಟಾಗಿ ಬರುವುದಿಲ್ಲ. ಕೈಯಲ್ಲಿ ಇರಬೇಕಾದದ್ದು: ಏಣಿ, ಟಾರ್ಚು, ಅರ್ಧ ಕಿಲೋ ಸುತ್ತಿಗೆ, ಉದ್ದ ಸ್ಕ್ರೂಡ್ರೈವರ್, ತಂತಿ ಬ್ರಷ್, ವರ್ನಿಯರ್ (ದಪ್ಪ ಅಳೆಯುವ ಸಾಧನ), ಓಳಂಬ (ತೂಗುಗುಂಡು), ಬಣ್ಣದ ಡಬ್ಬಿ. ಕಟ್ಟಡವನ್ನು ಹೊರಗಿನಿಂದ ಒಂದು ಸುತ್ತು ನೋಡಿ, ಆಮೇಲೆ ಬಾಗಿಲಲ್ಲಿ ನಿಂತು ಚಾವಣಿ ನೋಡಿ, ಆಮೇಲೆ ಒಳಗೆ ಹೋಗಿ. ಮಾಳಿಗೆ ಹತ್ತುವುದು ಕಟ್ಟಕಡೆಗೆ. ಇದನ್ನು ತಿರುಗಾಮುರುಗಾ ಮಾಡಿ ಮೊದಲೇ ಮೇಲೆ ಹತ್ತಿದವರು ಪರಸಿಯ ಸಮೇತ ಕೆಳಗೆ ಬಂದಿರುವುದುಂಟು.

ಗೋಡೆಗೆ ಓಳಂಬ ಬಿಡಿ. ಒಂದೂವರೆ ಅಡಿ ಗೋಡೆ ಮೂರು ಇಂಚಿನಷ್ಟು, ಅಂದರೆ ದಪ್ಪದ ಆರನೇ ಒಂದು ಭಾಗ, ವಾಲಿದ್ದರೆ ಅದರ ಒಂದು ಅಂಚು ಭಾರ ಹೊರುವುದನ್ನು ಬಿಡಲು ಶುರುಮಾಡಿದೆ ಎಂದರ್ಥ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಇನ್ನೂ ಕೆಟ್ಟದ್ದು. ಎರಡು ಮೈಗಳೂ ಬೇರೆಯಾಗಿ ನಡುವಿನ ಚೂರು ಕೆಳಗಿಳಿದು ಬೆಣೆಯಂತೆ ಕೂತಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಡೊಳ್ಳಿನ ಸದ್ದು ಬರುತ್ತದೆ. ಹೊರಗೆ ಸಿಮೆಂಟು ಮೆತ್ತಿ ಇದನ್ನು ಮುಚ್ಚುವವರಿದ್ದಾರೆ. ಗಚ್ಚು ಉಸಿರಾಡುತ್ತದೆ, ಸಿಮೆಂಟು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಎರಡು ಮಳೆಗಾಲ ಚೆಂದ ಕಂಡು ಮೂರನೆಯದಕ್ಕೆ ಸಿಮೆಂಟಿನ ಹಾಳೆ ಕಲ್ಲನ್ನೂ ಕಿತ್ತುಕೊಂಡು ಬೀಳುತ್ತದೆ. ಸಂದಿ ತುಂಬುವುದಾದರೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುಣ್ಣ ಅರಳಿಸಿ ಕೆಲವು ವಾರ ನೀರಲ್ಲಿ ಕೂರಿಸಿದ್ದಾಗಿರಬೇಕು.

ಬಿರುಕು ಹಳೆಯದೋ ಬೆಳೆಯುತ್ತಿದೆಯೋ ತಿಳಿಯಲು ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ನಡೆಯುತ್ತಿದೆ. ಅಂಟಿಸಬೇಕಾದದ್ದು ಕಲ್ಲಿಗೆ, ಗಿಲಾಯಕ್ಕಲ್ಲ (ಪ್ಲಾಸ್ಟರಿಗಲ್ಲ). ಗಿಲಾಯಕ್ಕೆ ಅಂಟಿಸಿದರೆ ಗಿಲಾಯವೇ ಸರಿದು ಸುಳ್ಳು ಹೇಳುತ್ತದೆ. ನಮ್ಮಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟುವುದರಿಂದ ಬಿರುಕು ದಿನಕ್ಕೊಮ್ಮೆ ತಾನಾಗಿಯೇ ತುಸು ತೆರೆದು ಮುಚ್ಚುತ್ತದೆ. ಅಳತೆಯೂ ತೆಗೆಯುವುದಾದರೆ ಯಾವಾಗಲೂ ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆಯಿರಿ.

ಗರ್ಡರಿನ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಪದರು ಪದರಾಗಿ ಏಳುವ ತುಕ್ಕು ಕೆರೆದು, ಕೆಳಪಟ್ಟಿಯ ದಪ್ಪ ಅಳೆಯಿರಿ. ಅದೇ ಗರ್ಡರಿನ ನಡುವೆ ಇರುವ ದಪ್ಪಕ್ಕೆ ಹೋಲಿಸಿ. ಕಾಲು ಭಾಗ ತಿಂದುಹೋಗಿದ್ದರೆ ಅದೇ ವಾರ ಜ್ಯಾಕ್ (ಚಾವಣಿಗೆ ಆಧಾರ ಕೊಡುವ ಕಬ್ಬಿಣದ ಕಂಬ) ಕೊಡಬೇಕು. ಆರ್‌ಸಿಸಿ ಚಾವಣಿಯಾದರೆ ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟು ಇನ್ನೂ ಸರಳನ್ನು ಕಾಯುತ್ತಿದೆ, ಬಣ್ಣ ಬರದ ಭಾಗ ಸರಳನ್ನು ಮುಟ್ಟಿದ್ದರೆ ಕಾವಲು ಮುಗಿದಿದೆ.

ಜ್ಯಾಕ್ ಕೊಡುವುದರಲ್ಲೇ ಹೆಚ್ಚು ತಪ್ಪಾಗುವುದು. ಗರ್ಡರಿನ ನಟ್ಟನಡುವೆ ಒಂದು ಜ್ಯಾಕ್ ನಿಲ್ಲಿಸಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಕೆಟ್ಟಿರುವುದು ನಡುವಲ್ಲ, ತುದಿ. ಎರಡೂ ಗೋಡೆಗಳಿಂದ ಒಂದೊಂದು ಅಡಿ ಬಿಟ್ಟು ಗರ್ಡರಿಗೆ ಎರಡು ಜ್ಯಾಕ್ ಬೇಕು. ಮೇಲೆ ಹೇಳಿದ ಕೋಣೆಯಲ್ಲಿ ನಾಲ್ಕು ಗರ್ಡರ್ ಇದ್ದರೆ ಎಂಟು. ಮಾಳಿಗೆ ನೆಂದಾಗ ಒಂದು ಗರ್ಡರಿನ ಪಾಲಿಗೆ ಬರುವುದು ಒಂದೂಮುಕ್ಕಾಲು ಟನ್, ಜ್ಯಾಕಿಗೆ ಒಂಬತ್ತು ಕ್ವಿಂಟಲಿನ ಆಸುಪಾಸು. ನೆಟ್ಟಗಿರುವ ಜ್ಯಾಕ್ ಇದನ್ನು ತಾಳುತ್ತದೆ, ಬಗ್ಗಿದ್ದು ತಾಳುವುದಿಲ್ಲ. ಪಿನ್ ಕಳೆದುಹೋಗಿದೆ ಎಂದು ಸರಳಿನ ತುಂಡು ತೂರಿಸುವುದು ನಮ್ಮ ಕಡೆ ಮಾಮೂಲು, ಆ ತುಂಡು ಕತ್ತರಿಸಿದಂತೆ ತುಂಡಾಗುತ್ತದೆ. ಜ್ಯಾಕಿನ ಅಡಿಗೆ ಎರಡು ಇಂಚು ದಪ್ಪದ ಉದ್ದ ಹಲಗೆ ಹಾಸಿ. ನೆಲದ ಪರಸಿಯ ಕೆಳಗೆ ಇರುವುದು ಸಡಿಲ ಭರ್ತಿ, ಭಾರ ಒಂದೇ ಕಡೆ ಬಿದ್ದರೆ ಪರಸಿ ಒಡೆದು ಜ್ಯಾಕ್ ಇಳಿಯುತ್ತದೆ. ಇನ್ನು ಬಿಗಿ ಮಾಡುವಾಗ ಕೈಗೆ ಹತ್ತಿದರೆ ಸಾಕು. ಕುಗ್ಗಿದ ಚಾವಣಿಯನ್ನು ಮೇಲೆತ್ತುವ ಹುಮ್ಮಸ್ಸು ಬೇಡ, ಎತ್ತಿದರೆ ಗೋಡೆಯ ತಲೆ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಮಾಳಿಗೆಯ ಮಣ್ಣು ಇಳಿಸುವುದು. ಈ ಒಂದು ಕೆಲಸದಿಂದ ಕೋಣೆಗೆ ನಾಲ್ಕೂವರೆ ಐದು ಟನ್ ಕಡಿಮೆಯಾಗುತ್ತದೆ. ಗರ್ಡರ್ ಸಾಲಿನ ಮೇಲೆ ಹಲಗೆ ಹಾಸಿ ಅದರ ಮೇಲೆಯೇ ಓಡಾಡಬೇಕು. ಎರಡೂ ಬದಿಯಿಂದ ಸಮನಾಗಿ, ತೆಳುವಾಗಿ ಕೆರೆಯುತ್ತ ಬರಬೇಕು. ಬುಟ್ಟಿ ತುಂಬುವ ಮೊದಲು ಮಣ್ಣನ್ನು ಮಾಳಿಗೆಯ ಮೇಲೆಯೇ ಗುಡ್ಡೆ ಮಾಡಿದರೆ ಕೆಲಸ ಅಲ್ಲಿಗೇ ಮುಗಿಯಬಹುದು. ಮಣ್ಣು ಇಳಿದ ಮೇಲೆ ಪರಸಿಯ ಸಂದಿಗೆ ಸುಣ್ಣದ ಗಾರೆ ತುಂಬಿ, ಹರನಾಳದ ಬಾಯಿ ಬಿಡಿಸಿ, ಅದರ ತುದಿ ಗೋಡೆಯಿಂದ ಒಂದೂವರೆ ಅಡಿ ಹೊರಗೆ ಚಾಚುವಂತೆ ಕೊಳವೆ ಕೂರಿಸಿ. ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಗಿಡವನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಎರಡು ಕಲ್ಲು ಬರುತ್ತವೆ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ ಹಸಿ ಗಾಯಕ್ಕೆ ಆಗಲೇ ಕಳೆನಾಶಕ ಹಚ್ಚಿ. ಆಸಿಡ್ ಸುರಿಯುವವರು ಗಿಡಕ್ಕಿಂತ ಮೊದಲು ಗಚ್ಚನ್ನು ಕೊಲ್ಲುತ್ತಾರೆ.

ಕಾರ್ಖಾನೆಯ ಶೆಡ್ಡುಗಳದ್ದು ಬೇರೆಯೇ ತೊಂದರೆ: ಸಿಮೆಂಟ್ ಪತ್ರಾ (ಶೀಟು). ಇದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಹಾಗೇ ಇದ್ದರೆ ಅಷ್ಟು ಅಪಾಯವಿಲ್ಲ, ಒಡೆದರೆ, ಕೊರೆದರೆ, ಒಣ ಪೊರಕೆಯಲ್ಲಿ ಗುಡಿಸಿದರೆ ಅಪಾಯ. ಗುಜರಿಗೆಂದು ಕಬ್ಬಿಣ ಬಿಚ್ಚುವವರು ಪತ್ರಾವನ್ನು ಕೆಳಗೆ ಎಸೆದು ಪುಡಿ ಮಾಡುತ್ತಾರೆ, ಉಳಿದವು ದನದ ಕೊಟ್ಟಿಗೆ ಸೇರುತ್ತವೆ. ಸರಿಯಾದ ಕ್ರಮ ಹೀಗೆ: ಮೊದಲು ನೀರು ಚಿಮುಕಿಸಿ ತೋಯಿಸಬೇಕು, ಹುಕ್ ಬೋಲ್ಟನ್ನು ಕತ್ತರಿಸಬೇಕು, ಪತ್ರಾವನ್ನು ಮೀಟಬಾರದು. ಮೂರು ಮೀಟರ್ ಪತ್ರಾ 40 ಕಿಲೋ ಮೇಲೆ ತೂಗುವುದರಿಂದ ಇಬ್ಬರು ಹಿಡಿದು ಹಗ್ಗದಲ್ಲಿ ಇಳಿಸಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿ, ಹೊರಗೆ ಏನೆಂದು ಬರೆಯಬೇಕು. ಕಳಚಿದ ಆಸ್ಬೆಸ್ಟಾಸ್ 2016ರ ನಿಯಮಗಳ ಪ್ರಕಾರ ಹಾನಿಕಾರಕ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಮೂಲಕವೇ ಸಾಗಬೇಕು, ಊರ ಹೊರಗಿನ ಖಣಿಗಲ್ಲ. ಬಟ್ಟೆಯ ಮಾಸ್ಕು ಇದಕ್ಕೆ ನಡೆಯುವುದಿಲ್ಲ. ಮತ್ತೊಂದು ಮಾತು, ಇಲ್ಲಿ ಕೂಡಲೇ ಜೀವ ತೆಗೆಯುವುದು ನಾರಲ್ಲ. ಹಳೆಯ ಪತ್ರಾ ಮನುಷ್ಯನ ಭಾರ ತಾಳುವುದಿಲ್ಲ, ಹಲಗೆ ಹಾಸದೆ ಅದರ ಮೇಲೆ ಕಾಲಿಡಬಾರದು.

ಇಟ್ಟಿಗೆಯ ಚಿಮಣಿ ಇದ್ದಲ್ಲಿ ಮೊದಲು ನೋಡಬೇಕಾದದ್ದು ಸಿಡಿಲು ತಡೆಯುವ ತಾಮ್ರದ ಪಟ್ಟಿ ಇದೆಯೇ ಎಂದು. ಕಳುವಾಗುವುದರಲ್ಲಿ ಅದೇ ಮೊದಲು. ಅದು ಹೋಗಿದ್ದರೆ, ತಲೆಯಲ್ಲಿ ಉದ್ದುದ್ದ ಬಿರುಕಿದ್ದರೆ, ಚಿಮಣಿಯ ಎತ್ತರದಷ್ಟೇ ದೂರಕ್ಕೆ ಸುತ್ತಲೂ ಬೇಲಿ ಹಾಕಿಸಿ.

ಒಡೆಯಲೇಬೇಕಾದ ಕಟ್ಟಡಗಳೂ ಇರುತ್ತವೆ, ಎಲ್ಲವನ್ನೂ ಉಳಿಸಿ ಎಂದು ನಾವು ಹೇಳುತ್ತಿಲ್ಲ. ಆದರೆ ಕಟ್ಟಡ ಒಡೆಯುವಾಗಿನ ಸುರಕ್ಷತೆಯ ಭಾರತೀಯ ಮಾನಕ ಐಎಸ್ 4130 ಹೇಳುವುದು ಮೇಲಿನಿಂದ ಕೆಳಕ್ಕೆ, ಕಟ್ಟಿದ್ದಕ್ಕೆ ಉಲ್ಟಾ ಕ್ರಮದಲ್ಲಿ. ಜೆಸಿಬಿ ಮಾಡುವುದು ಬುಡಕ್ಕೆ ಹೊಡೆಯುವುದು. ಸಾಲುಮನೆಯಲ್ಲಿ ನಡುವಿನ ಗೋಡೆ ಇಬ್ಬರದೂ, ಈ ಕಡೆಯ ಗರ್ಡರಿನ ತುದಿ ಕಿತ್ತಾಗ ಆ ಕಡೆಯ ಗರ್ಡರಿನ ಗೂಡೂ ಸಡಿಲಾಗುತ್ತದೆ. ಕೈಯಿಂದ ಬಿಚ್ಚಿದರೆ ಪರಸಿ ಇಡಿಯಾಗಿ ಸಿಗುತ್ತದೆ. ಅದನ್ನು ಮಲಗಿಸದೆ, ಅಂಚಿನ ಮೇಲೆ ತುಸು ಒರಗಿಸಿ ನಿಲ್ಲಿಸಿಡಬೇಕು, ಮಲಗಿಸಿ ಪೇರಿಸಿದರೆ ಕೆಳಗಿನವು ಒಡೆಯುತ್ತವೆ. ಹಳೆಯ ಗೋಡೆಗಲ್ಲು, ಪರಸಿ, ಗರ್ಡರ್, ಸಾಗವಾನಿ ಚೌಕಟ್ಟು, ಇವಕ್ಕೆಲ್ಲ ಈ ಜಿಲ್ಲೆಯಲ್ಲಿ ಗಿರಾಕಿ ಇದ್ದೇ ಇದೆ.

ಈ ಮಾತು ಕಾನೂನಿಗೂ ತಾಗುತ್ತದೆ. ಮಾಲೀಕರು ಹೈದರಾಬಾದಿನಲ್ಲೋ ಮುಂಬೈಯಲ್ಲೋ ಇದ್ದಾರೆ, ಕಂಪನಿ ಲಿಕ್ವಿಡೇಟರ್ ಕೈಯಲ್ಲಿದೆ, ವಾರಸುದಾರರು ಹನ್ನೆರಡು ಮಂದಿ, ಹೀಗೆ ಯಾರ ಕಟ್ಟಡ ಎಂಬ ಪ್ರಶ್ನೆಯಲ್ಲೇ ಫೈಲು ವರ್ಷಗಟ್ಟಲೆ ಕೂರುತ್ತದೆ. ಮಾಲೀಕತ್ವ ಇತ್ಯರ್ಥವಾಗುವ ತನಕ ಗೋಡೆ ಕಾಯುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ 152ನೇ ಕಲಂ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 133) ಬೀಳುವಂತಿರುವ ಕಟ್ಟಡ ತೆಗೆಸಲು, ದುರಸ್ತಿ ಮಾಡಿಸಲು, ಆಧಾರ ಕೊಡಿಸಲು, ದಾರಿ ಬದಿಯ ಬಾವಿ ಗುಂಡಿಗಳಿಗೆ ಬೇಲಿ ಹಾಕಿಸಲು ಜಿಲ್ಲಾ ಮತ್ತು ಉಪವಿಭಾಗ ದಂಡಾಧಿಕಾರಿಗಳಿಗೆ ಅಧಿಕಾರ ಕೊಡುತ್ತದೆ. ಆದೇಶ ಮಾಲೀಕರ ಮೇಲಷ್ಟೇ ಅಲ್ಲ, ಕಟ್ಟಡ ಯಾರ ಸ್ವಾಧೀನದಲ್ಲಿ, ಯಾರ ಉಸ್ತುವಾರಿಯಲ್ಲಿ ಇದೆಯೋ ಅವರ ಮೇಲೂ ಆಗಬಹುದು. ತುರ್ತಿದ್ದರೆ ವಿಚಾರಣೆ ಮುಗಿಯುವ ತನಕ ಕಾಯದೆ 161ನೇ ಕಲಂ ಬಳಸಬಹುದು. ಆದೇಶ ಅಂತಿಮವಾದ ಮೇಲೂ ಪಾಲಿಸದಿದ್ದರೆ 160ನೇ ಕಲಂ ಪ್ರಕಾರ ದಂಡಾಧಿಕಾರಿಗಳೇ ಕೆಲಸ ಮಾಡಿಸಿ, ತೆಗೆದ ಸಾಮಗ್ರಿಯನ್ನು ಮಾರಿ ಖರ್ಚು ವಸೂಲು ಮಾಡಬಹುದು. ಪರಸಿ ಒಡೆಯದೆ ಬಿಚ್ಚಿ ಎಂದು ನಾವು ಹಟ ಹಿಡಿಯುವುದು ಇದಕ್ಕೂ ಹೌದು. ಜೆಸಿಬಿ ಪುಡಿ ಮಾಡಿದ ರಾಶಿಯಿಂದ ಟ್ರ್ಯಾಕ್ಟರ್ ಬಾಡಿಗೆಯೂ ಹುಟ್ಟುವುದಿಲ್ಲ. ಕಲಬುರಗಿ ನಗರದೊಳಗಿನ ಕಟ್ಟಡಗಳಿಗೆ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 322ನೇ ಕಲಂ ಕೂಡ ಇದೆ.

ಇನ್ನು ಖಣಿಗಳು. ಅವು ಕಟ್ಟಡವಲ್ಲ, ಆದರೂ ಕಟ್ಟಡಗಳಷ್ಟೇ ಬಿಟ್ಟುಹೋದವು. ನಮ್ಮ ಕಲ್ಲು ಪದರು ಪದರಾಗಿ ಏಳುವುದರಿಂದ ಖಣಿಯ ಗೋಡೆ ಚಾಕುವಿನಿಂದ ಕೊಯ್ದಂತೆ ನೆಟ್ಟಗಿರುತ್ತದೆ. ಈಜು ಬಲ್ಲವರೂ ಮುಳುಗುವುದು ನೀರು ಆಳವೆಂದಲ್ಲ, ಹಿಡಿದು ಹತ್ತಲು ಜಾಗವಿಲ್ಲವೆಂದು. ಅಂಚಿನ ಮೇಲಿರುವ ಕರಿಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ನೀರು ಆ ಬಿರುಕಿಗೆ ಇಳಿದು ಮಣ್ಣು ಹೋಳುಹೋಳಾಗಿ ಜಾರುತ್ತದೆ. ಹಾಗಾಗಿ ಬೇಲಿಯನ್ನು ಅಂಚಿಗೇ ಹಾಕಿದರೆ ಬೇಲಿಯೂ ಹೋಗುತ್ತದೆ. ಕಡಿಮೆಯೆಂದರೆ 3 ಮೀಟರ್, ಮಣ್ಣು ದಪ್ಪವಿದ್ದಲ್ಲಿ ಅದರ ಎರಡರಷ್ಟು ಹಿಂದೆ ಸರಿದು ಎದೆಮಟ್ಟದ ಕಲ್ಲಿನ ಕಟ್ಟೆ ಬರಲಿ. ಕಲ್ಲಿಗೆ ಟೆಂಡರ್ ಬೇಕಿಲ್ಲ, ಖಣಿಯ ಪಕ್ಕದಲ್ಲೇ ವೇಸ್ಟ್ ಕಲ್ಲಿನ ಗುಡ್ಡಗಳಿವೆ. ಒಣಗಟ್ಟು ಸಾಕು, ಗಾರೆಯೂ ಬೇಡ. ಒಳಗೆ ಒಂದು ಮೂಲೆಯಲ್ಲಾದರೂ ಅದೇ ಕಲ್ಲು ಸುರಿದು ನೀರಿನಿಂದ ಮೇಲೆ ಬರುವ ಇಳಿಜಾರು ಮಾಡಿಸಿ.

ಹಣದ ಮಾತಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಹೊಸ ಭವನಗಳ ಜೊತೆಗೆ ಹಳೆಯ ಮಾಳಿಗೆಗೂ ಒಂದು ಸಾಲು ತೆರೆಯಲಿ ಎಂದು ಕೇಳುತ್ತೇವೆ. ಅದು ಬರುವ ತನಕ ಕೂರುವ ಅಗತ್ಯವಿಲ್ಲ. ಮಿರಗಕ್ಕೆ ಮೊದಲು ಆಗಬೇಕಾದ ಪರಿಶೀಲನೆಗೆ ಒಂದು ಕಟ್ಟಡಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಒಂದು ಜೋಡಿ ದಿನಕ್ಕೆ ಎಂಟು ಕಟ್ಟಡ ನೋಡಬಹುದು. ನಾಲ್ಕು ಜೋಡಿ ಇದ್ದರೆ ಎರಡು ವಾರದ ಹನ್ನೆರಡು ಕೆಲಸದ ದಿನಗಳಲ್ಲಿ 384. ನೋಡಿದ ಗೋಡೆಯ ಮೇಲೆ ಕಾಗದ ಅಂಟಿಸುವುದರ ಬದಲು ಬಣ್ಣದಲ್ಲಿ ಗುರುತು ಬರೆಸಿ: ಕೆಂಪು ಎಂದರೆ ಒಳಗೂ ಬೇಡ, ಗೋಡೆಯ ಎತ್ತರದ ಒಂದೂವರೆ ಪಟ್ಟು ದೂರದೊಳಗೂ ಬೇಡ, ಹಳದಿ ಎಂದರೆ ಜ್ಯಾಕ್ ಕೊಟ್ಟ ಮೇಲೆ ಮಣ್ಣು ಇಳಿಸಬೇಕು, ಹಸಿರು ಎಂದರೆ ಹರನಾಳ ಬಿಡಿಸಿದರೆ ಸಾಕು. ಗುರುತಿನ ಕೆಳಗೆ ನೋಡಿದ ತಾರೀಕು, ಮತ್ತೆ ನೋಡುವ ತಾರೀಕು ಎರಡೂ ಇರಲಿ. ಕ್ವಾರ್ಟರ್ಸ್ ಸಾಲುಗಳಿಂದ ಶುರುಮಾಡಿ. ಅಲ್ಲಿ ಒಂದು ಮನೆ ಖಾಲಿ, ಪಕ್ಕದ ಮನೆಯಲ್ಲಿ ಇನ್ನೂ ಒಲೆ ಉರಿಯುತ್ತಿದೆ, ನಡುವೆ ಇರುವುದು ಒಂದೇ ಗೋಡೆ.

ಇತಿ,
ಕಲ್ಲು, ಗಾರೆ, ಕಬ್ಬಿಣದ ಕೆಲಸ ಬಲ್ಲ ಶಹಾಬಾದಿನ ಕೆಲವರು